ತಲೆ ಕಾಯುವ ವಂಶ

ಗುರುಪಾದಪ್ಪನವರ ಸ್ಕೂಟರಿನ ಕನ್ನಡಿಗೆ ಸದಾ ನೇತಾಡುತ್ತಿದ್ದ ಹೆಲ್ಮೆಟ್ಟಿಗೆ ತನ್ನ ಕುಲದ ಬಗ್ಗೆ ಬಲು ಹೆಮ್ಮೆ. ಒಂದು ದಿನ ದಾರಿಯಲ್ಲಿ ಅದು ಕನ್ನಡಿಗೆ ಹೇಳಿತು: "ಗ್ರಂಥಗಳಲ್ಲಿ ನನ್ನ ಹೆಸರು ಶಿರಸ್ತ್ರಾಣ. ಅಂದರೆ ತಲೆ ಕಾಯುವಂಥದ್ದು. ರಾಜಮಹಾರಾಜರ ತಲೆ ಕಾಯ್ದ ವಂಶ ನಮ್ಮದು."

"ಸಂತೋಷ," ಎಂದಿತು ಕನ್ನಡಿ. "ತಾವು ಬಂದ ಮೇಲೆ ಎರಡು ವರ್ಷದಿಂದ ನನ್ನ ಮೇಲೆ ಒಂದು ಕಾಗೆಯೂ ಹಿಕ್ಕೆ ಹಾಕಿಲ್ಲ."

ಹೆಲ್ಮೆಟ್ಟಿಗೆ ಈ ಮಾತು ಚುಚ್ಚಿತು. "ಪೊಲೀಸರು ಕಂಡ ಕೂಡಲೇ ಯಜಮಾನರು ನನ್ನನ್ನು ತಲೆಯ ಮೇಲೇ ಇಟ್ಟುಕೊಳ್ಳುತ್ತಾರೆ, ನೆನಪಿರಲಿ."

"ಇಟ್ಟುಕೊಳ್ಳುತ್ತಾರೆ. ಸರ್ಕಲ್ ದಾಟಿದ ಮೇಲೆ ಮತ್ತೆ ನನಗೇ ತೊಡಿಸುತ್ತಾರೆ. ತಾವು ಸ್ವಲ್ಪ ಸರಿದರೆ, ಹಿಂದೆ ಏನು ಬರುತ್ತಿದೆಯೋ ಅವರಿಗೆ ತೋರಿಸಿಯೇನು."

"ದೊಡ್ಡ ವಂಶದವರು ಯಾರಿಗೋಸ್ಕರವೂ ಜಾಗ ಬಿಡುವುದಿಲ್ಲ," ಎಂದಿತು ಹೆಲ್ಮೆಟ್.

ಅಷ್ಟರಲ್ಲಿ ಗುರುಪಾದಪ್ಪನವರು ಹಿಂದೇನಿದೆಯೆಂದು ಕಾಣದೆ ಬಲಕ್ಕೆ ತಿರುಗಿದರು. ಹಿಂದಿದ್ದ ಆಟೊ ಬಂದು ಗುದ್ದಿತು.

ತಲೆಗೆ ಏಳು ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದವರು ಮೊದಲು ಸ್ಕೂಟರಿನ ಸುತ್ತ ಒಂದು ಸುತ್ತು ಹಾಕಿದರು. ಹೆಲ್ಮೆಟ್ಟಿನ ಧೂಳು ಒರೆಸಿ, ಅದನ್ನು ಹಳೆಯ ಜಾಗಕ್ಕೇ ತೂಗುಹಾಕಿ ಹೆಂಡತಿಗೆ ಹೇಳಿದರು: "ಸದ್ಯ, ಹೆಲ್ಮೆಟ್ ಇತ್ತು. ಇಲ್ಲದಿದ್ರೆ ಕನ್ನಡಿ ಪುಡಿಪುಡಿ ಆಗ್ತಿತ್ತು ಕಣೆ."