ನೀಲವ್ವ ಸುಮ್ಮನಾಗುವ ಜಾಗ

ಮಲಪ್ರಭೆಯ ದಂಡೆಯ ಮಠಕ್ಕೆ ಅಡಿವೆಪ್ಪ ಬಂದದ್ದು ಬಹಳ ದಿನಗಳ ಮೇಲೆ. ಕಂಬಳಿಯಲ್ಲಿ ಸುತ್ತಿದ ಸ್ಪೀಕರ್ ಡಬ್ಬಿಯೊಂದನ್ನು ಎದೆಗೆ ಅವಚಿಕೊಂಡಿದ್ದ.

ಭಜನೆ ಕಲಿಸುವ ಅಜ್ಜ ಕಟ್ಟೆಯ ಮೇಲೆ ತಾಳ ಒರೆಸುತ್ತ ಕೂತಿದ್ದರು.

"ಏನಪಾ, ಕೂಸು ಎತ್ಕೊಂಡು ಬಂದಂಗ ಬಂದಿ."

"ಅಜ್ಜಾರ, ಇದನ್ನ ಇನ್ನೊಮ್ಮೆ ತಿದ್ದಸಲ್ಯೋ, ಹೊಸಾದು ತರಲ್ಯೋ, ನೀವ ಹೇಳ್ರಿ."

"ನಾ ಏನ್ ರೇಡಿಯೋ ಅಂಗಡಿ ಇಟ್ಟೀನೇನು?"

ಅಡಿವೆಪ್ಪ ನಗಲಿಲ್ಲ.

ಡಬ್ಬಿ ಅಗ್ಗದ್ದು, ಸಂತೆಯಲ್ಲಿ ಕೊಂಡದ್ದು. ತೀರಿಹೋದ ಹೆಂಡತಿ ನೀಲವ್ವನ ದನಿ ಫೋನಿನಲ್ಲಿದ್ದ ಒಂದೇ ಹಾಡಿನಲ್ಲಿ ಉಳಿದಿತ್ತು. ಅದನ್ನು ಅವನು ಫೋನಿಗೆ ಜೋಡಿಸಿದ ಈ ಡಬ್ಬಿಯಲ್ಲೇ ಕೇಳುತ್ತಿದ್ದ. ಹಾಡಿನ ನಡುನಡುವೆ ಡಬ್ಬಿ ಗುಂಯ್ ಎನ್ನುತ್ತಿತ್ತು. ಒಳಗೆ ಹತ್ತಿ ತುಂಬಿದ. ತಂತಿ ಬದಲಿಸಿದ. ಸ್ಪೀಕರಿನೊಳಗಿನ ಹರಿದ ಕಾಗದದ ಕೋನ್ ತೆಗೆಸಿ ಹೊಸದು ಕೂಡಿಸಿದ. ಗುಂಯ್ ಹೋಗಲಿಲ್ಲ.

"ಇನ್ನೂ ಬಿಚ್ಚಿದ್ರ ಪೂರಾ ಕೆಡ್ತೈತಿ ಅಂತಾನ ಅಂಗಡಿಯಾವ. ಹೊಸಾದ್ರಾಗೂ ಕೇಳಿ ಬಂದೆ. ದನಿ ಸ್ವಚ್ಛ ಐತ್ರಿ. ಆದ್ರ..."

"ಆದ್ರ?"

"ಯಾರೋ ಬ್ಯಾರೆ ಹೆಣ್ಮಗಳು ಹಾಡಿದಂಗ ಆತ್ರಿ."

ಅಜ್ಜ ತಾಳ ಕೆಳಗಿಟ್ಟರು. "ಹಚ್ಚು."

ನೀಲವ್ವ ಒಂದು ಸಾಲು ಹಾಡಿದಳು. ನಿಲ್ಲಿಸಿದಳು. ಡಬ್ಬಿ ಗುಂಯ್ ಎಂದಿತು. ಮತ್ತೊಂದು ಸಾಲು. ಮತ್ತೆ ಗುಂಯ್.

"ಕೇಳಿಸ್ತೇನ್ರಿ?" ಅಡಿವೆಪ್ಪ ಫೋನ್ ಒತ್ತಿ ಹಾಡು ನಿಲ್ಲಿಸಿದ.

"ಆಕಿ ಹಾಡುವಾಗ ಗುಂಯ್ ಅನ್ನೂದಿಲ್ಲೇನು?"

"ಅಂತಿರಬೇಕ್ರಿ. ಕೇಳಂಗಿಲ್ಲ. ಆಕಿ ಸುಮ್ನಾದಾಗ ಕೇಳ್ತೈತಿ."

"ಆಕಿ ಯಾಕ ಸುಮ್ನಾಗ್ತಾಳ?"

ಅಡಿವೆಪ್ಪ ಹೊಳೆಯ ಕಡೆ ನೋಡಿದ.

ಭಜನೆಯಲ್ಲಿ ಒಬ್ಬರು ಸಾಲು ಹೇಳಿ ಬಿಡಬೇಕು, ಜೊತೆಗಾರರು ಅದನ್ನೇ ಎತ್ತಿಕೊಳ್ಳಬೇಕು. ಈ ಕಟ್ಟೆಯ ಮೇಲೆ ಗಂಡ-ಹೆಂಡತಿ ಇಬ್ಬರಿಗೂ ಅಜ್ಜನೇ ಕಲಿಸಿದ್ದು. ಸಾಲು ಮರೆಯುವ ಗಂಡನನ್ನು ಬೈಯುತ್ತ, ಹೊಲದಲ್ಲಿದ್ದಾಗಲಾದರೂ ರೂಢಿ ಮಾಡಲಿ ಎಂದು ನೀಲವ್ವ ಆ ಹಾಡನ್ನು ಫೋನಿಗೆ ತುಂಬಿಸಿಕೊಟ್ಟಿದ್ದಳು.

"ನಾ ಎತ್ತಿಕೊಳ್ಳಲಿ ಅಂತ," ಎಂದ.

"ಎತ್ತಿಕೊಂಡಿಯೇನು?"

"ಆಕಿ ಹೋದಮ್ಯಾಲ ಹಾಡಿಲ್ರಿ, ಅಜ್ಜಾರ. ಬರೇ ಕೇಳೀನಿ."

ಅಜ್ಜ ತಾಳಗಳನ್ನು ಅವನ ಕೈಗಿಟ್ಟರು. ಮೊದಲಿನಿಂದ ಹಚ್ಚು ಎಂದು ಸನ್ನೆ ಮಾಡಿದರು.

ಮೊದಲ ಸಾಲು ಮುಗಿಯಿತು. ಗುಂಯ್ ಶುರುವಾಯಿತು. ತಾಳ ಹಿಡಿದ ಕೈ ಮೇಲೆದ್ದು ಅಲ್ಲೇ ನಿಂತಿತು. ಅಡಿವೆಪ್ಪ ಡಬ್ಬಿಯ ಕಡೆ ತಿರುಗಿದ.

"ಡಬ್ಬೀದು ಏನ್ ಮಾಡ್ಲಿ, ಅದನ್ನ ಹೇಳಲೇ ಇಲ್ಲಲ್ರಿ," ಎಂದ.

"ಡಬ್ಬೀದು ಆಮ್ಯಾಲ ನೋಡೂಣು," ಎಂದರು ಅಜ್ಜ. "ಆಕಿನ್ನ ಇನ್ನೂ ಎಷ್ಟೊತ್ತು ಕಾಯಸ್ತಿ?"