ಜಾಲರಿ ತೊಳೆದ ಮೇಲೆ

"ಗುರುಗಳೇ, ಕಾಯಿಲೆ ವಾಸಿಯಾದ ಮೇಲೂ ನನ್ನ ಹೆಂಡತಿ ಯಾಕೆ ಹೀಗೆ?" ಎಂದು ಶಿಷ್ಯ ನಿರ್ವಾಣಪ್ಪ ಕೇಳಿದ.

ಗುರುಗಳಾದ ಮುದ್ದುವೀರಯ್ಯನವರು ಪಾಠ ಹೇಳಲು ಕೂರುವ ಮೊದಲು ಮೂವತ್ತು ವರ್ಷ ಶೀತಲಗೃಹಗಳ ಯಂತ್ರ ನೋಡಿಕೊಂಡವರು. ಸುತ್ತಿ ಬಳಸಿ ಮಾತಾಡಿದರೆ ಅವರಿಗೆ ಆಗದು. "ಹೀಗೆ ಅಂದರೆ ಹೇಗೆ? ಬಿಡಿಸಿ ಹೇಳಯ್ಯ" ಎಂದರು.

ನಿರ್ವಾಣಪ್ಪ ಹೇಳಿದ. ಎರಡು ವರ್ಷ ಹೆಂಡತಿ ಗೌರಾಂಬೆಗೆ ಕೈಕಾಲೇ ಏಳುತ್ತಿರಲಿಲ್ಲ. ಹಗಲಲ್ಲೂ ಮಲಗಿಬಿಡುತ್ತಿದ್ದಳು. ಅವನು ಅವಳನ್ನು ಸೋಮಾರಿ ಎಂದು ಬೈದ, ನೆಂಟರೆದುರೂ ಬೈದ. ಕೊನೆಗೆ ವೈದ್ಯರು ಥೈರಾಯ್ಡ್ ಎಂದರು. ಗುಳಿಗೆ ಹಿಡಿಯಿತು, ಶಕ್ತಿ ಬಂತು.

"ಈಗ ಅವಳು ಕೂರುವುದೇ ಇಲ್ಲ. ಕೂತುಕೋ ಎಂದರೆ ಬೆಚ್ಚಿ ಎದ್ದು ನಿಲ್ಲುತ್ತಾಳೆ. ಮೊನ್ನೆ ಜ್ವರದಲ್ಲೇ ಬಟ್ಟೆ ಒಗೆಯುತ್ತ ಕಲ್ಲಿನ ಮೇಲೆ ಬಿದ್ದಳು. ಹೀಗೇ ಆದರೆ ಅವಳು ನನಗೆ ಉಳಿಯುವುದಿಲ್ಲ."

ಗುರುಗಳು ಕತೆ ಶುರುಮಾಡಿದರು.

"ಒಬ್ಬ ವ್ಯಾಪಾರಿಗೆ ಹುಣಸೆಹಣ್ಣು ಇಡುವ ಶೀತಲಗೃಹವಿತ್ತು. ತಂಪು ತಪ್ಪಿದರೆ ಹುಣಸೆ ಕಪ್ಪಾಗುತ್ತದೆ. ಕಪ್ಪಾದ ಹುಣಸೆಯನ್ನು ಮೂಸಿ ನೋಡುವವರೂ ಇಲ್ಲ. ಅಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕೆಲಸದಲ್ಲಿ ನಿಯತ್ತು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ.

"ತಂಪು ಮಾಡುವ ದ್ರವ ಮೊದಲು ಒಂದು ಜಾಲರಿಯನ್ನು ದಾಟುತ್ತದೆ. ಜಾಲರಿ ಕಸ ಹಿಡಿಯುತ್ತದೆ. ಆಮೇಲೆ ಒಂದು ವಾಲ್ವ್. ಅದು ಬೇಕಾದಷ್ಟೇ ದ್ರವವನ್ನು ಕೋಣೆಯ ಕೊಳವೆಗಳಿಗೆ ಬಿಡುತ್ತದೆ. ದ್ರವ ಅಲ್ಲಿ ಕೋಣೆಯ ಬಿಸಿ ಹೀರಿ ಆವಿಯಾಗಿ, ಅದನ್ನು ಒತ್ತಿ ಮುಂದೆ ತಳ್ಳುವ ಕಂಪ್ರೆಸರಿಗೆ ಮರಳುತ್ತದೆ. ಇಷ್ಟೇ ಕಣಯ್ಯ ಎಲ್ಲ ಕಾರುಬಾರು.

"ಬೇಸಿಗೆಯಲ್ಲಿ ತಂಪು ಕಡಿಮೆಯಾಯಿತು. 'ಈ ವಾಲ್ವಿಗೆ ಮೈಗಳ್ಳತನ' ಎಂದು ಮೆಕ್ಯಾನಿಕ್ ಅದರ ತಿರುಪನ್ನು ಅರ್ಧ ಸುತ್ತು ಸಡಿಲಿಸಿ ಬಾಯಿ ಹಿಗ್ಗಿಸಿದ. ತುಸು ವಾಸಿಯಾಯಿತು. ವಾರ ಕಳೆದರೆ ಮತ್ತೆ ಅದೇ ಕತೆ. ಮತ್ತೆ ಅರ್ಧ ಸುತ್ತು. ಬೈಯುವುದು, ತಿರುಗಿಸುವುದು. ಮೊದಲು ಎಲ್ಲಿತ್ತೆಂದು ಗುರುತಾದರೂ ಇಟ್ಟುಕೊಂಡನೇ ಪುಣ್ಯಾತ್ಮ? ಇಲ್ಲ.

"ಒಂದು ಬೆಳಿಗ್ಗೆ ಅವನ ಕೈ ಅಕಸ್ಮಾತ್ತಾಗಿ ಜಾಲರಿಗೆ ತಗುಲಿತು. ಒಂದು ಬದಿ ಬೆಚ್ಚಗಿತ್ತು, ಇನ್ನೊಂದು ಬದಿ ತಣ್ಣಗಾಗಿ ಬೆವರಿತ್ತು. ದಾರಿ ಸಲೀಸಾಗಿದ್ದರೆ ಎರಡೂ ಬದಿ ಒಂದೇ ಸಮ ಬೆಚ್ಚಗಿರಬೇಕು. ಅಯ್ಯೋ, ಕಟ್ಟಿಕೊಂಡದ್ದು ಇಲ್ಲಿ! ಯಂತ್ರ ನಿಲ್ಲಿಸಿ ಜಾಲರಿ ಬಿಚ್ಚಿದ. ಒಳಗೆ ಕರಿ ರಾಡಿ ಮೆತ್ತಿಕೊಂಡಿತ್ತು. ತೊಳೆದು ಹಾಕಿದ. ಖುಷಿಯೋ ಖುಷಿ. ಯಂತ್ರ ಶುರುಮಾಡಿದ.

"ಕಾಲು ಗಂಟೆಯೂ ಆಗಲಿಲ್ಲ. ದಾರಿ ಈಗ ಸಲೀಸು, ವಾಲ್ವೋ ಪೂರ್ತಿ ಬಾಯಿ ತೆರೆದು ನಿಂತಿದೆ. ದ್ರವ ನುಗ್ಗಿತು. ಆವಿಯಾಗಲು ಪುರಸೊತ್ತಿಲ್ಲದೆ ದ್ರವವಾಗಿಯೇ ಕಂಪ್ರೆಸರಿಗೆ ಹೋಯಿತು. ಕಂಪ್ರೆಸರ್ ಆವಿಯನ್ನು ಒತ್ತಬಲ್ಲದು, ದ್ರವವನ್ನು ಒತ್ತಲಾರದು. ಧಡಧಡ ಬಡಿದುಕೊಂಡು ಒಡೆದುಹೋಯಿತು.

"ವ್ಯಾಪಾರಿ ಓಡಿಬಂದು, 'ಕಸ ತೆಗೆದೆಯಲ್ಲೋ, ಮತ್ತೆ ಯಾಕೆ ಒಡೆಯಿತು?' ಎಂದ. ಹೊಸ ಯಂತ್ರ ಬರುವಷ್ಟರಲ್ಲಿ ಹುಣಸೆಯೆಲ್ಲ ಕಪ್ಪಾಗಿತ್ತು. ನೆನೆಸಿಕೊಂಡರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ."

"ಹಾಗಾದರೆ ಕೊನೆಗೆ ಎಲ್ಲ ಕೆಡಿಸಿದ್ದು ಆ ವಾಲ್ವೇ" ಎಂದ ನಿರ್ವಾಣಪ್ಪ.

"ತಡಿ ತಡಿ. ಪಾಪ, ಅದರ ತಪ್ಪೇನಯ್ಯ? ಅವನು ತಿರುಗಿಸಿದಷ್ಟು ಅದು ತೆರೆಯಿತು." ಗುರುಗಳ ದನಿ ಮೆತ್ತಗಾಯಿತು. ಅವರು ಶಿಷ್ಯನ ಭುಜದ ಮೇಲೆ ಕೈಯಿಟ್ಟರು.

"ಗುಳಿಗೆ ಕೊಡಿಸಿದೆ, ಒಳ್ಳೆಯದೇ ಆಯಿತು. ಆದರೆ ಎರಡು ವರ್ಷ ಬೈದದ್ದನ್ನು ಅರ್ಧ ಸುತ್ತಾದರೂ ಹಿಂದಕ್ಕೆ ತಿರುಗಿಸಿದೆಯಾ?"