ಮೊಸಳೆಯ ಕೆಸರು, ಬೇಟೆಗಾರನ ಅಂಗಿ

ಯಾವ ಕಾಲವೋ ಏನೋ, ಆಫ್ರಿಕಾ ಸೀಮೆಯ ಪಡುವಣಕ್ಕೆ, ಹೊಳೆದಂಡೆಯಲ್ಲಿ ಒಂದು ಊರಿತ್ತಂತೆ. ಆ ಊರಲ್ಲಿ ಮಾಸಿತಾ ಅಂತ ಒಬ್ಬ ಹೆಂಗಸು. ಅವಳ ಗಂಡ ಬಕಾರಿ ಬೇಟೆಗಾರ. ಬೇಟೆಗೆ ಹೋಗುವವರಿಗೆ ಅಲ್ಲಿ ಕೆಸರುಬಟ್ಟೆಯ ಅಂಗಿ ಬೇಕೇ ಬೇಕು. ಅದು ಮೈಮೇಲಿದ್ದರೆ ಕಾಡಿನ ಕೇಡು ತಟ್ಟುವುದಿಲ್ಲ ಅಂತ ಅವರ ನಂಬಿಕೆ.

ಮಾಸಿತಾ ಹತ್ತಿಬಟ್ಟೆಯನ್ನು ಸೊಪ್ಪಿನ ಕಷಾಯದಲ್ಲಿ ಅದ್ದಿ ಹಳದಿ ಮಾಡಿದಳು. ಹೊಳೆಯಿಂದ ತಂದು ಮಡಕೆಯಲ್ಲಿ ಕೊಳೆಯಲು ಬಿಟ್ಟಿದ್ದ ಕೆಸರಿನಿಂದ ಅದರ ಮೇಲೆ ಗೆರೆ ಬರೆದಳು. ಒಣಗಿಸಿ, ಅಂಗಿ ಹೊಲಿದು, ತೊಳೆಯಲು ಹೊಳೆಗೆ ಹೋದಳು. ನೀರಿಗೆ ಕೈ ಹಾಕಿದ್ದೇ ತಡ, ಮುದಿ ಮೊಸಳೆಯೊಂದು ತಲೆ ಎತ್ತಿತಂತೆ.

"ಏ ಹೆಣ್ಣೇ, ಅದು ನನ್ನ ಮನೆ ಕೆಸರು. ಕೇಳ್ದೆ ಹೊತ್ಕೊಂಡು ಹೋಗಿದ್ದೀಯ. ಪೂರ್ತಿ ವಾಪಸ್ ಕೊಡು. ಇಲ್ಲಾಂದ್ರೆ ನಾಳೆ ಹೊಳೆ ದಾಟುವಾಗ ನಿನ್ನ ಗಂಡನ್ನ ನುಂಗ್ತೀನಿ."

ಮಾಸಿತಾ ಬೇಗ ಬೇಗ ಅಂಗಿಯನ್ನು ನೀರಿಗೆ ಅದ್ದಿದಳು. "ಕೊಡ್ತೀನಿ ಅಜ್ಜ, ಒಂದು ಚೂರೂ ಇಟ್ಕೊಳ್ಳಲ್ಲ" ಅಂದವಳೇ ಉಜ್ಜಿದಳು, ಜಾಲಿಸಿದಳು, ಹಿಂಡಿದಳು. ಕೆಸರೆಲ್ಲ ನೀರು ಸೇರಿತು. ಅಂಗಿ ಬಿಡಿಸಿದರೆ ಗೆರೆಗಳು ಕಪ್ಪಗೆ ಹಾಗೇ ಕೂತಿವೆ!

"ಕಳ್ಳೀ, ಇನ್ನೂ ಇದೆಯಲ್ಲ!" ಅಂತು ಮೊಸಳೆ.

ಮತ್ತೆ ಉಜ್ಜಿದಳು, ಮತ್ತೆ ಜಾಲಿಸಿದಳು, ಮತ್ತೆ ಹಿಂಡಿದಳು. ತಿಳಿನೀರು ಬಂತೇ ಹೊರತು ಕಪ್ಪು ಹೋಗಲಿಲ್ಲ. ಅವಳು ಹಿಂದೆ ಮಾಡಿದ ಬಟ್ಟೆಗಳಲ್ಲೂ ಆ ಕಪ್ಪು ಹಾಗೇ ಉಳಿಯುತ್ತಿತ್ತು. ಉಳಿದದ್ದು ಏನು ಅಂತ ಮಾತ್ರ ಅವಳು ಒಂದು ದಿನವೂ ಯೋಚಿಸಿರಲಿಲ್ಲ.

ಮೊಸಳೆ ಮುಳುಗಿ ಹೋಗಿ ತನ್ನ ಮನೆಯನ್ನೆಲ್ಲ ತಡಕಾಡಿ ಮೇಲೆ ಬಂತು. "ಕೆಸರೆಲ್ಲ ಬಂದಿದೆ. ಹಾಗಾದ್ರೆ ಅಂಗೀಲಿರೋದು ಯಾರದು?"

"ನಂಗೂ ಗೊತ್ತಿಲ್ಲಜ್ಜ. ನಮ್ಮವ್ವನೂ ಹೇಳ್ಕೊಡ್ಲಿಲ್ಲ" ಅಂದ ಮಾಸಿತಾಳಿಗೆ ಅಳು ಬಂದೇ ಬಿಟ್ಟಿತು. ಅಳುತ್ತಲೇ ಕೇಳಿದಳು: "ಆ ಕಪ್ಪು ನಿಂದೇ ಆದ್ರೆ, ಅದನ್ನ ತೊಟ್ಟವನು ನಿಮ್ಮನೆಯವನೇ ಆಗಲ್ವಾ? ನಿಂದಲ್ಲ ಅಂದ್ರೆ, ಅವನ ಮೇಲೆ ನಿಂಗ್ಯಾಕಜ್ಜ ಸಿಟ್ಟು?"

ಮೊಸಳೆಗೆ ಯೋಚನೆ ಮಾಡಿ ಅಭ್ಯಾಸವಿಲ್ಲ ನೋಡಿ, ತಲೆ ಬಿಸಿಯಾಯಿತಂತೆ. ತಂಪು ಮಾಡಿಕೊಳ್ಳಲು ನೀರಲ್ಲಿ ಮುಳುಗಿತು.

ಮಾರನೆಯ ದಿನ ಬಕಾರಿ ಅಂಗಿ ತೊಟ್ಟು ನೀರಿಗಿಳಿದ. ಮಾಸಿತಾ ಬೇಡವೆಂದರೂ ಕೇಳಲಿಲ್ಲ. ನಡುಹೊಳೆಯಲ್ಲಿ ಮೊಸಳೆ ಎದ್ದು ಬಂತು. ದಡದಲ್ಲಿ ನಿಂತಿದ್ದ ಮಾಸಿತಾ ಕೂಗಿಕೊಂಡಳು. ಮೊಸಳೆ ಬಾಯಿ ತೆರೆಯಿತು, ಅಂಗಿಯ ಅಂಚು ಮೂಸಿತು, ಬಾಯಿ ಮುಚ್ಚಿತು. "ನಮ್ಮವನೋ? ಅಲ್ಲವೋ?" ಅಂತ ಗೊಣಗುತ್ತಾ ದಾರಿ ಬಿಟ್ಟಿತಂತೆ. ಗಂಡ ಆಚೆ ದಡ ಹತ್ತಿದ. ಮಾಸಿತಾ ದಡದಲ್ಲೇ ಕೂತು ನಕ್ಕಳೋ ಅತ್ತಳೋ, ಅವಳಿಗೇ ತಿಳಿಯಲಿಲ್ಲ.

ಆ ಮೊಸಳೆ ಇನ್ನೂ ಯೋಚಿಸುತ್ತಲೇ ಇದೆಯಂತೆ. ಅದು ಯೋಚಿಸುತ್ತಿರುವಷ್ಟು ಕಾಲ ಕೆಸರುಬಟ್ಟೆಯ ಅಂಗಿ ತೊಟ್ಟವರಿಗೆ ಭಯವಿಲ್ಲ. ಅವರು ಆ ದಡದಲ್ಲಿ ಚೆನ್ನಾಗಿರಲಿ, ನಾವು ಈ ದಡದಲ್ಲಿ ಚೆನ್ನಾಗಿರೋಣ.